ಮಳಿಗೆಯ ಅಲಂಕಾರ ದೀಪಗಳು: ಖರ್ಚೋ, ಆಸ್ತಿಯೋ?

ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ ದೀಪಗಳನ್ನು ಅಡಗಿಸಿ ಬೆಳಕನ್ನು ಮಾತ್ರ ತೋರಿಸುವುದು ಒಳಾಂಗಣ ವಿನ್ಯಾಸದ ಒಂದು ಕ್ರಮ. ದೀಪವನ್ನೇ ಎದ್ದುಕಾಣುವ ವಸ್ತುವಾಗಿ ತೂಗುಹಾಕುವುದು ಇನ್ನೊಂದು. ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ಸನ್ 1958ರಲ್ಲಿ ಕೋಪನ್‌ಹೇಗನ್ನಿನ ರೆಸ್ಟೋರೆಂಟೊಂದಕ್ಕೆ ರೂಪಿಸಿದ ‘ಆರ್ಟಿಚೋಕ್’ ತೂಗುದೀಪ ಎರಡನೆಯದಕ್ಕೆ ಪ್ರಸಿದ್ಧ ನಿದರ್ಶನ. ಅದರ 72 ಎಸಳುಗಳು ಒಳಗಿನ ಬಲ್ಬನ್ನು ಮರೆಮಾಡುತ್ತವೆ. ದೀಪ ಮಾತ್ರ ಇಡೀ ಕೋಣೆಯ ಗಮನ ಸೆಳೆಯುತ್ತದೆ. ನಮ್ಮ ಜವಳಿ ಮತ್ತು ಆಭರಣ ಮಳಿಗೆಗಳಲ್ಲಿಯೂ ಇಂತಹ ದೊಡ್ಡ ದೀಪಗಳು ಅಪರೂಪವಲ್ಲ. ಅಂದಚೆಂದದ ತೀರ್ಮಾನ ವಿನ್ಯಾಸಗಾರರದು. ಬಿಲ್ಲನ್ನು ಯಾವ ಖಾತೆಗೆ ಬರೆಯಬೇಕೆಂಬ ಹೊಣೆ ವರ್ತಕರದು.

ಅನೇಕರು ಅದನ್ನು ‘ದುರಸ್ತಿ ಮತ್ತು ನಿರ್ವಹಣೆ’ ಖಾತೆಗೆ ಬರೆದುಬಿಡುತ್ತಾರೆ. ಇದು ಸರಿಯಲ್ಲ. ಹೊಸದಾಗಿ ಅಳವಡಿಸಿದ ದೀಪವು ಹಲವು ವರ್ಷ ಬಾಳುವ ಆಸ್ತಿ. ಆದ್ದರಿಂದ ಅದು ಬಂಡವಾಳ ವೆಚ್ಚ. ಕೆಟ್ಟ ಬಲ್ಬು ಅಥವಾ ಡ್ರೈವರನ್ನು ಬದಲಾಯಿಸಿದರೆ ಮಾತ್ರ ದುರಸ್ತಿ.

2025-26ರ ಹಣಕಾಸು ವರ್ಷದ ಉದಾಹರಣೆಯನ್ನು ನೋಡೋಣ. ಆ ವರ್ಷಕ್ಕೆ 1961ರ ಆದಾಯ ತೆರಿಗೆ ಕಾಯಿದೆ ಅನ್ವಯಿಸುತ್ತದೆ. ಪಾಲುದಾರಿಕೆ ಸಂಸ್ಥೆಯೊಂದು ರೂ. 2,00,000 ಬೆಲೆಯ ಎಲ್‌ಇಡಿ ತೂಗುದೀಪವನ್ನು ಕೊಂಡು, ಶೇ. 18ರಂತೆ ರೂ. 36,000 ಜಿ.ಎಸ್.ಟಿ. ತೆತ್ತಿತೆಂದು ಭಾವಿಸಿರಿ. ವಿದ್ಯುತ್ ಫಿಟಿಂಗ್‌ಗಳಿಗೆ ಸವಕಳಿ ದರ ಶೇ. 10, ಅಂದರೆ ರೂ. 20,000. ಆ ವರ್ಷದಲ್ಲಿ ದೀಪವು 180 ದಿನಗಳಿಗಿಂತ ಕಡಿಮೆ ಬಳಕೆಯಾಗಿದ್ದರೆ ಅದರ ಅರ್ಧ. ಇಡೀ ವರ್ಷದ ಸವಕಳಿಗೆ ಅರ್ಹವಾದ ದೀಪವನ್ನು ದುರಸ್ತಿಯೆಂದು ತೋರಿಸಿ, ಪರಿಶೀಲನೆಯಲ್ಲಿ ಅದು ತಿರಸ್ಕೃತವಾದರೆ, ಆದಾಯಕ್ಕೆ ರೂ. 1,80,000 ಸೇರುತ್ತದೆ. ಸೆಸ್ ಸಹಿತ ಶೇ. 31.2ರಂತೆ ತೆರಿಗೆ ರೂ. 56,160; ಬಡ್ಡಿ ಬೇರೆ.

ಹೂಡುವಳಿ ತೆರಿಗೆ ಜಮೆಯ ವಿಚಾರದಲ್ಲಿ ದೀಪದ ವಿನ್ಯಾಸವೇ ವ್ಯತ್ಯಾಸ ತರುತ್ತದೆ. ಕಳಚಿ ಒಯ್ಯಬಹುದಾದ ತೂಗುದೀಪ ಚರ ಆಸ್ತಿ; ವ್ಯಾಪಾರಕ್ಕೆ ಬಳಸಿದ್ದು, ಬಿಲ್ಲಿನಲ್ಲಿ ನೋಂದಣಿ ಸಂಖ್ಯೆ ಇದ್ದರೆ ರೂ. 36,000 ಜಮೆ ಕೇಳಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಕಟ್ಟಡದ ಭಾಗವೇ ಆಗಿಬಿಡುವ ಸೀಲಿಂಗ್ ಕಾಮಗಾರಿಯನ್ನು ಬಂಡವಾಳೀಕರಿಸಿದರೆ ಜಿ.ಎಸ್.ಟಿ. ಕಾಯಿದೆಯ 17(5)ನೇ ಕಲಮು ಜಮೆಯನ್ನು ತಡೆಯುತ್ತದೆ. ಗುತ್ತಿಗೆದಾರರು ಎರಡನ್ನೂ ‘ಒಳಾಂಗಣ ಕೆಲಸ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ ದೀಪದ ಜಮೆಯೂ ವಿವಾದಕ್ಕೆ ಸಿಲುಕೀತು. ದೀಪಗಳಿಗೆ ಪ್ರತ್ಯೇಕ ಬಿಲ್ಲನ್ನೇ ಪಡೆಯತಕ್ಕದ್ದು. ಜಮೆ ಪಡೆದ ಮೇಲೆ ಆ ತೆರಿಗೆ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ.

ಬಾಡಿಗೆ ಮಳಿಗೆಯಾಗಿದ್ದರೆ ಕರಾರುಪತ್ರದಲ್ಲಿ ದೀಪಗಳ ಪಟ್ಟಿ ಸೇರಿಸಿ, ಅವಧಿ ಮುಗಿದಾಗ ಬಾಡಿಗೆದಾರರು ಅವನ್ನು ಒಯ್ಯಬಹುದೆಂದು ಸ್ಪಷ್ಟವಾಗಿ ಬರೆಸಬೇಕು. ಬಾಯಿಮಾತಿನ ಒಪ್ಪಂದ ಮಾಲೀಕರು ಬದಲಾದಾಗ ನಿಲ್ಲುವುದು ಕಷ್ಟ. ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿಸಬೇಕು. ಒಬ್ಬರಿಗೆ ಒಂದು ದಿನದಲ್ಲಿ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತವು ಆಸ್ತಿಯ ವೆಚ್ಚದಲ್ಲಿ ಸೇರದು, ಅದಕ್ಕೆ ಸವಕಳಿಯೂ ದೊರೆಯದು.