ಸಕ್ಕರೆ ಕಾಯಿಲೆಗೆ ಯಾವ ಊಟ? – ನಮ್ಮ ಅಜ್ಜಿಯ ತಟ್ಟೆಯ ಪಾಠ

(7ನೇ ತರಗತಿ ವಿದ್ಯಾರ್ಥಿನಿ)

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ನಮಗೆಲ್ಲ ಗೊತ್ತು. ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ಅಂಕವನ್ನೂ ತಗೊಂಡಿದ್ದೇವೆ. ಆದರೆ ಊಟ ಬಲ್ಲವರಾಗುವುದು ಎಂದರೆ ಏನು ಅಂತ ನನಗೆ ತಿಳಿದದ್ದು ಕಳೆದ ಶ್ರಾವಣ ಮಾಸದಲ್ಲಿ. ಆ ಕತೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ಪಾಠ.

ಸಕ್ಕರೆ ಕಾಯಿಲೆ ಎಂದರೇನು?

ನಾವು ತಿಂದ ಮುದ್ದೆ, ಅನ್ನ, ರೊಟ್ಟಿ ಎಲ್ಲದರಲ್ಲೂ ಪಿಷ್ಟ ಇದೆ. ಅದು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಜೀವಕೋಶಗಳ ಒಳಗೆ ಹೋದರೆ ಮಾತ್ರ ಅದರಿಂದ ಶಕ್ತಿ ಸಿಗುತ್ತದೆ. ಹಾಗೆ ಒಳಗೆ ಹೋಗಲು ಇನ್ಸುಲಿನ್ ಎಂಬ ರಸ ಬೇಕು. ಇದನ್ನು ಮೇದೋಜೀರಕ ಗ್ರಂಥಿ ತಯಾರಿಸುತ್ತದೆ.

ಇದನ್ನು ನಮ್ಮೂರ ಕೆರೆಗೆ ಹೋಲಿಸಬಹುದು. ರಕ್ತವೇ ಕೆರೆ, ಸಕ್ಕರೆಯೇ ನೀರು, ಜೀವಕೋಶಗಳೇ ಗದ್ದೆ. ಇನ್ಸುಲಿನ್ ತೂಬು ಎತ್ತುವ ನೀರಗಂಟಿ. ನೀರಗಂಟಿಯೇ ಇಲ್ಲದಿದ್ದರೆ ಕೆರೆ ತುಂಬಿದ್ದರೂ ಗದ್ದೆ ಒಣಗುತ್ತದೆ. ಇದು ಮೊದಲನೇ ವಿಧದ ಸಕ್ಕರೆ ಕಾಯಿಲೆ. ಹೆಚ್ಚಾಗಿ ಮಕ್ಕಳಿಗೂ ಹರೆಯದವರಿಗೂ ಬರುತ್ತದೆ. ಇವರಿಗೆ ದಿನಾ ಇನ್ಸುಲಿನ್ ಕೊಡಲೇಬೇಕು. ನೀರಗಂಟಿ ಬಂದರೂ ತೂಬು ತುಕ್ಕು ಹಿಡಿದು ಮೇಲೇಳದಿದ್ದರೆ ಅದು ಎರಡನೇ ವಿಧ. ದೊಡ್ಡವರಲ್ಲಿ ಬಹುಪಾಲು ಇದೇ ಇರುತ್ತದೆ. ಹೊಟ್ಟೆಯ ಸುತ್ತ, ಯಕೃತ್ತಿನ ಒಳಗೆ ಸೇರಿದ ಕೊಬ್ಬು ಈ ತುಕ್ಕನ್ನು ಹೆಚ್ಚಿಸುತ್ತದೆ. ಆದ್ದರಿಂದಲೇ ಡಾಕ್ಟರು "ತೂಕ ಇಳಿಸಿ" ಎಂದು ಹೇಳುವುದು.

ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಪರೀಕ್ಷಿಸಿದಾಗ ರಕ್ತದ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 126 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮತ್ತೊಮ್ಮೆ ಪರೀಕ್ಷಿಸಿ ಕಾಯಿಲೆ ಎಂದು ಗುರುತಿಸುತ್ತಾರೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ. ಹಾಗಾಗಿ ಇದು ಪಟ್ಟಣದ ಸಾಹುಕಾರರ ಕಾಯಿಲೆ ಅಂತ ಹೇಳುವ ಹಾಗಿಲ್ಲ.

ಒಂದು ವಿಶೇಷ ಸಂಗತಿ

ನವೆಂಬರ್ 14 ಮಕ್ಕಳ ದಿನಾಚರಣೆ ಎಂದು ನಿಮಗೆ ಗೊತ್ತು. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು. ಏಕೆಂದರೆ ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬ್ಯಾಂಟಿಂಗ್ ಅವರು ಹುಟ್ಟಿದ್ದು 1891ರ ನವೆಂಬರ್ 14ರಂದು. ಅವರೂ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯೂ 1921ರಲ್ಲಿ ಕೆನಡಾ ದೇಶದ ಟೊರಾಂಟೊದಲ್ಲಿ ಈ ಕೆಲಸ ಮಾಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡಲಾಯಿತು. ಅವನು ನನಗಿಂತ ಒಂದೇ ವರ್ಷ ದೊಡ್ಡವನು! ಅದಕ್ಕೆ ಮುಂಚೆ ಇಂಥ ಮಕ್ಕಳಿಗೆ ಊಟವನ್ನೇ ತೀರಾ ಕಡಿಮೆ ಮಾಡಿ, ಹಸಿವಿನಲ್ಲಿಟ್ಟು ಸ್ವಲ್ಪ ದಿನ ಉಳಿಸಿಕೊಳ್ಳುತ್ತಿದ್ದರಂತೆ. ಮಕ್ಕಳು ಎಲುಬು ಗೂಡಾಗುತ್ತಿದ್ದರು. ಆಗ ಬೇರೆ ದಾರಿ ಇರಲಿಲ್ಲ. ಈಗ ದಾರಿ ಇದೆ. ಆದರೂ ನಮ್ಮಲ್ಲಿ ಹಲವರು "ಉಪವಾಸ ಇದ್ದರೆ ಸಕ್ಕರೆ ಇಳಿಯುತ್ತೆ" ಅಂತಲೇ ನಂಬಿದ್ದಾರೆ. ನಮ್ಮ ಅಜ್ಜಿಯೂ ನಂಬಿದ್ದರು.

ಅಜ್ಜಿ ಮಾಡಿದ ತಪ್ಪು, ನಾನು ಮಾಡಿದ ತಪ್ಪು

ಎರಡು ವರ್ಷದ ಹಿಂದೆ ಅಜ್ಜಿಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಬರೀ ಹೊಟ್ಟೆಯಲ್ಲಿ 196 ಇತ್ತು. ತೂಕ 74 ಕಿಲೋ. ಮಾತ್ರೆ ಬರೆದುಕೊಟ್ಟರು. ಊರಿನವರು ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರು ಹಾಗಲಕಾಯಿ ರಸ ಕುಡಿ ಅಂದರು. ಇನ್ನೊಬ್ಬರು ಮುದ್ದೆ, ಅನ್ನ ಎರಡೂ ಬಿಟ್ಟು ಬರೀ ಚಪಾತಿ ತಿನ್ನು ಅಂದರು. ಅಮ್ಮ ದಿನಾ ಅಜ್ಜಿ ಒಬ್ಬರಿಗೇ ಬೇರೆ ಒಲೆ ಹಚ್ಚಿ ಚಪಾತಿ ಮಾಡಿದರು. ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ಅಜ್ಜಿ "ಮುದ್ದೆ ಬುಟ್ಟು ಬದುಕಾಕಾಯ್ತದಾ ಮಗ?" ಅಂತ ಹೇಳಿ ದೊಡ್ಡ ಮುದ್ದೆ ಎರಡು ಉಂಡರು. ಯುಗಾದಿಯಲ್ಲಿ ಒಬ್ಬಟ್ಟು ಐದು. ಮತ್ತೆ ಭಯವಾಗಿ ರಾತ್ರಿ ಊಟ ಬಿಟ್ಟರು. ಹೀಗೆ ಬಿಡುವುದು, ತಿನ್ನುವುದು, ಬಿಡುವುದು. ತೂಕ ಒಂದು ಕಿಲೋನೂ ಇಳಿಯಲಿಲ್ಲ.

ನಾನೂ ಒಂದು ಕೆಲಸ ಮಾಡಿದೆ. ಸಕ್ಕರೆ ಅಜ್ಜಿಗೆ ವಿಷ ಎಂದುಕೊಂಡು ಸಕ್ಕರೆ ಡಬ್ಬವನ್ನು ಅಟ್ಟದ ಮೇಲೆ, ಖಾಲಿ ಮಡಕೆಯ ಹಿಂದೆ ಬಚ್ಚಿಟ್ಟೆ.

ಕಳೆದ ಶ್ರಾವಣ ಶನಿವಾರ ಅಜ್ಜಿ ಮಾತ್ರೆ ನುಂಗಿ ಉಪವಾಸ ಹಿಡಿದರು. ಅಪ್ಪ, ಅಮ್ಮ ಹೊಲಕ್ಕೆ ಹೋಗಿದ್ದರು. ಅವತ್ತು ಬೆಳಗಿನ ಶಾಲೆ. ನಾನು ಮಧ್ಯಾಹ್ನ ಬಂದು ನೋಡಿದರೆ ಅಜ್ಜಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಾರೆ. ಮೈಯೆಲ್ಲ ಬೆವರು. ಕೈ ನಡುಗುತ್ತಿದೆ. ನನ್ನನ್ನು ನೋಡಿ ನಮ್ಮ ಅತ್ತೆಯ ಹೆಸರು ಹಿಡಿದು ಕರೆದರು. ನಾನು ಓಡಿಹೋಗಿ ಆಶಾ ಅಕ್ಕನನ್ನು ಕರೆತಂದೆ. ಅವರು ನೋಡಿದವರೇ "ಸಕ್ಕರೆ ಇಳಿದುಬಿಟ್ಟಿದೆ, ಬೇಗ ಮೂರು ಚಮಚ ಸಕ್ಕರೆ ನೀರಿಗೆ ಹಾಕ್ಕೊಂಡು ಬಾ" ಅಂದರು. ನಾನು "ಅಕ್ಕಾ, ಅಜ್ಜಿಗೆ ಸಕ್ಕರೆ ಕೊಡಬಾರದು" ಅಂದೆ. ಅವರು ಗದರಿದರು. ಅಟ್ಟ ಹತ್ತಿ, ಮಡಕೆ ಸರಿಸಿ ಡಬ್ಬ ತರುವಷ್ಟರಲ್ಲಿ ನನಗೆ ಅಳು ಬಂತು. ಸಕ್ಕರೆ ನೀರು ಕುಡಿದು ಹದಿನೈದು ನಿಮಿಷಕ್ಕೆ ಅಜ್ಜಿ ನನ್ನ ಹೆಸರು ಹಿಡಿದು ಕರೆದರು.

ಇದಕ್ಕೆ ಕಾರಣ ಇಷ್ಟು. ಕೆಲವು ಮಾತ್ರೆಗಳೂ ಇನ್ಸುಲಿನ್ನೂ ನಾವು ಉಂಡರೂ ಉಣ್ಣದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಅವನ್ನು ತಗೊಂಡು ಊಟ ಬಿಟ್ಟರೆ ಕೆರೆಯೇ ಬತ್ತಿಹೋಗುತ್ತದೆ. ಆಗ ಎಚ್ಚರ ಇದ್ದವರಿಗೆ ಕೂಡಲೇ ಸಕ್ಕರೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಡಾಕ್ಟರು ಹೇಳಿದ ತಟ್ಟೆ

ಸೋಮವಾರ ಅಪ್ಪ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಡಾಕ್ಟರು ಮಾತ್ರೆಯ ಅಳತೆ ಬದಲಾಯಿಸಿದರು. ಆಮೇಲೆ "ಮನೆಯಲ್ಲಿ ದಿನಾ ಏನು ಅಡುಗೆ?" ಅಂತ ಕೇಳಿದರು. ಅಜ್ಜಿ "ಮುದ್ದೆ, ಸೊಪ್ಪಿನ ಸಾರು, ಒಂಚೂರು ಅನ್ನ ಸ್ವಾಮಿ" ಅಂದರು. "ಅದನ್ನೇ ಉಣ್ಣಿ ಅಜ್ಜಿ. ಬೇರೆ ಅಡುಗೆ ಬೇಡ. ಅಳತೆ ಮಾತ್ರ ಬದಲಾಯಿಸಿ. ಹತ್ತು ದಿನ ಮಾಡಿ ಬಿಡುವ ಪಥ್ಯ ಬೇಡ, ಹತ್ತು ವರ್ಷ ಮಾಡುವಂಥದ್ದು ಬೇಕು" ಅಂದರು. ಒಂದು ಚೀಟಿಯ ಮೇಲೆ ತಟ್ಟೆಯ ಚಿತ್ರ ಬರೆದುಕೊಟ್ಟರು. ಅದನ್ನು ನೋಡಿ ನಾನು ಈ ಹಾಳೆಯ ಬಲಗಡೆ ಬರೆದಿದ್ದೇನೆ:

– ಅರ್ಧ ತಟ್ಟೆ: ಸೊಪ್ಪು, ತರಕಾರಿ ಪಲ್ಯ (ಆಲೂಗಡ್ಡೆ ಇದರಲ್ಲಿ ಸೇರುವುದಿಲ್ಲ)
– ಕಾಲು ತಟ್ಟೆ: ಕಾಳು, ಬೇಳೆ, ಮೊಟ್ಟೆ ಅಥವಾ ಮೀನು
– ಕಾಲು ತಟ್ಟೆ: ಮುದ್ದೆ ಅಥವಾ ಅನ್ನ, ಎರಡರಲ್ಲಿ ಒಂದು

ನಮ್ಮ ಬಸ್ಸಾರಿಗೆ ಇದು ಸರಿಯಾಗಿ ಹೊಂದುತ್ತದೆ. ಬಸಿದ ಸೊಪ್ಪು, ಕಾಳನ್ನು ಪಲ್ಯ ಮಾಡಿ, ಕಟ್ಟಿನಲ್ಲಿ ಸಾರು ಮಾಡುತ್ತೇವಲ್ಲ. ಮೊದಲೆಲ್ಲ ಪಲ್ಯ ಒಂದು ಚಿಟಿಕೆ, ಮುದ್ದೆ ಬೆಟ್ಟದಷ್ಟು. ಈಗ ಪಲ್ಯ ಹೆಚ್ಚು, ಮುದ್ದೆ ಚಿಕ್ಕದು. ಪಲ್ಯ ಮೊದಲು ತಿಂದು ಆಮೇಲೆ ಮುದ್ದೆ ಮುರಿಯಬೇಕು. ಸೊಪ್ಪು, ಕಾಳಿನ ನಾರು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ, ಹೊಟ್ಟೆಯೂ ತುಂಬುತ್ತದೆ.

ರಾಗಿ ಒಳ್ಳೆಯದಲ್ಲವೇ?

"ರಾಗಿ ತಿಂದವ ನಿರೋಗಿ" ಎನ್ನುತ್ತಾರೆ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಬಂದು ರಾಗಿಗೇ ರಾಮನ ಮೆಚ್ಚುಗೆ ಸಿಗುತ್ತದೆ. ಇದನ್ನೇ ಹಿಡಿದು ಅಜ್ಜಿ "ರಾಗಿ ಎಷ್ಟು ತಿಂದ್ರೂ ಏನೂ ಆಗಕಿಲ್ಲ" ಅನ್ನುತ್ತಿದ್ದರು. ಲೆಕ್ಕ ನೋಡೋಣ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ, 3 ಗ್ರಾಂ ನಾರು. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ, 11 ಗ್ರಾಂ ನಾರು. ರಾಗಿಯಲ್ಲಿ ಸುಣ್ಣದಂಶವೂ ಬಹಳ ಹೆಚ್ಚು. ಹಾಗಾಗಿ ರಾಗಿ ಮೇಲು, ನಿಜ. ಆದರೆ ಅದರಲ್ಲೂ ಪಿಷ್ಟ ಇದ್ದೇ ಇದೆ.

ನಾನು ಅಜ್ಜಿಯ ಒಂದು ಮುದ್ದೆಗೆ ಬೇಕಾದ ಹಿಟ್ಟನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದೆ. 150 ಗ್ರಾಂ ಬಂತು.
150 × 67 ÷ 100 = ಸುಮಾರು 100 ಗ್ರಾಂ.
ಈಗಿನ ಮುದ್ದೆಗೆ 70 ಗ್ರಾಂ ಹಿಟ್ಟು.
70 × 67 ÷ 100 = ಸುಮಾರು 47 ಗ್ರಾಂ.
ಅರ್ಧಕ್ಕಿಂತ ಕಡಿಮೆ ಆಯಿತು! ಮುದ್ದೆ ಬಿಡಲಿಲ್ಲ, ಆದರೂ ಕಡಿಮೆಯಾಯಿತು.

ನೀರಾಗಿ ಕಾಸಿದ ರಾಗಿ ಗಂಜಿ ಅಗಿಯುವ ಕೆಲಸವಿಲ್ಲದೆ ಬೇಗ ಒಳಗೆ ಹೋಗುತ್ತದೆ, ಸಕ್ಕರೆಯೂ ಬೇಗ ಏರುತ್ತದೆ. ಅದಕ್ಕೆ ಬೆಲ್ಲ ಹಾಕಿದರೆ ಇನ್ನೂ ಕಷ್ಟ. "ಬೆಲ್ಲ ನಾಟಿ, ಅದೇನೂ ಮಾಡಲ್ಲ" ಎಂಬುದು ತಪ್ಪು. ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ ಇದೆ.

ಟೀ ಲೆಕ್ಕ

ಅಜ್ಜಿ ದಿನಕ್ಕೆ 4 ಸಲ ಟೀ ಕುಡಿಯುತ್ತಿದ್ದರು. ಸಲಕ್ಕೆ 2 ಚಮಚ ಸಕ್ಕರೆ. ನಾನು ಬಚ್ಚಿಟ್ಟ ಮೇಲೆ ಅಂಗಡಿಯಿಂದ ಕಾಲು ಕಿಲೋ ತರಿಸಿ ಸೆರಗಿನಲ್ಲಿ ಇಟ್ಟುಕೊಳ್ಳುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು! ಒಂದು ಚಮಚ ಸುಮಾರು 5 ಗ್ರಾಂ. 4 × 2 × 5 = 40 ಗ್ರಾಂ. ತಿಂಗಳಿಗೆ 30 × 40 = 1200 ಗ್ರಾಂ, ಅಂದರೆ ಒಂದು ಕಿಲೋಗಿಂತ ಹೆಚ್ಚು. ಈ ಲೆಕ್ಕವನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅಜ್ಜಿಗೆ ಓದಲು ಬರುವುದಿಲ್ಲ. ಅದಕ್ಕೆ ಡಬ್ಬದಿಂದ ಅಷ್ಟೂ ಸಕ್ಕರೆಯನ್ನು ಮೊರಕ್ಕೆ ಸುರಿದು ತೋರಿಸಿದೆ. ಅಜ್ಜಿ ಸುಮ್ಮನೆ ನೋಡಿದರು. "ಇಷ್ಟಾ?" ಅಂದರು. ಒಂದೇ ಸಲ ಬಿಡಿಸಲಿಲ್ಲ. ಹದಿನೈದು ದಿನ ಒಂದು ಚಮಚ, ಆಮೇಲೆ ಅರ್ಧ, ಆಮೇಲೆ ಇಲ್ಲ. ಟೀ ಈಗ ಎರಡು ಸಲ. ನಡುವೆ ಬಾಯಾರಿದರೆ ನೀರು ಮಜ್ಜಿಗೆ.

ಬೇರೆ ಬದಲಾವಣೆಗಳು

ರಾತ್ರಿ ಊಟ ಬಿಡುವುದಿಲ್ಲ, ಎಂಟು ಗಂಟೆಯೊಳಗೆ ಮುಗಿಸುತ್ತಾರೆ. ಬೋಂಡ, ಮಿಕ್ಸ್ಚರ್ ಬದಲು ಬೇಯಿಸಿದ ಹೆಸರುಕಾಳು, ಅಲಸಂದೆ, ಇಲ್ಲವೇ ಒಂದು ಸೀಬೆಹಣ್ಣು. ಎಣ್ಣೆಯನ್ನು ಅಮ್ಮ ಚಮಚದಲ್ಲಿ ಅಳೆದು ಹಾಕುತ್ತಾರೆ. ಸಂಜೆ ಡೈರಿಗೆ ಹಾಲು ಹಾಕಲು ಅಜ್ಜಿಯೇ ನಡೆದು ಹೋಗುತ್ತಾರೆ. ಹಬ್ಬ ಬಿಟ್ಟಿಲ್ಲ. ಈ ಯುಗಾದಿಗೆ ಒಂದು ಒಬ್ಬಟ್ಟು, ಅವತ್ತು ಅನ್ನ ಬೇಡ ಎಂದು ಈಗಲೇ ಒಪ್ಪಂದವಾಗಿದೆ. ಅವರೆಕಾಳಿನ ಕಾಲದಲ್ಲಿ ಮಾತ್ರ ಅಜ್ಜಿ ಎರಡು ಸಲ ಅಳತೆ ಮೀರಿದರು. ನಾವು ಬೈಯಲಿಲ್ಲ. ಮಾರನೆ ದಿನ ಮತ್ತೆ ಚಿಕ್ಕ ಮುದ್ದೆ.

ಶ್ರಾವಣದಿಂದ ಫಾಲ್ಗುಣಕ್ಕೆ ಏಳು ತಿಂಗಳು. ತೂಕ 74ರಿಂದ 69 ಕಿಲೋಗೆ ಬಂದಿದೆ. ಬರೀ ಹೊಟ್ಟೆಯ ಸಕ್ಕರೆ 132. ಕಾಯಿಲೆ ಹೋಗಿಲ್ಲ, ಮಾತ್ರೆಯೂ ಇದೆ. ಆದರೆ ಸ್ವಲ್ಪ ತೂಕ ಇಳಿದರೂ ತೂಬಿನ ತುಕ್ಕು ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅಪ್ಪನ ಹೊಟ್ಟೆಯೂ ಸ್ವಲ್ಪ ಕರಗಿದೆ. ಏಕೆಂದರೆ ಮನೆಯಲ್ಲಿ ಎಲ್ಲರದೂ ಒಂದೇ ಅಡುಗೆ.

ನೆನಪಿಡಿ

1. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬಾರದು, ಮಾತ್ರೆ ತಗೊಂಡು ಉಪವಾಸ ಇರಬಾರದು.
2. ಮನೆಯ ಊಟವನ್ನೇ ಅಳತೆ ಮಾಡಿ ಉಣ್ಣಬೇಕು. ಬಿಟ್ಟು ಹಿಡಿಯುವ ಪಥ್ಯ ನಿಲ್ಲುವುದಿಲ್ಲ.
3. ಮೂತ್ರಪಿಂಡದ ತೊಂದರೆ ಇರುವವರು, ಬಸುರಿಯರು, ಇನ್ಸುಲಿನ್ ತಗೊಳ್ಳುವ ಮಕ್ಕಳು ತಮ್ಮ ಊಟದ ಅಳತೆಯನ್ನು ಡಾಕ್ಟರಲ್ಲೇ ಕೇಳಬೇಕು.
4. ನಿಮ್ಮ ಮನೆಯಲ್ಲಿ 30 ವರ್ಷ ದಾಟಿದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ ಪರೀಕ್ಷೆ ಮಾಡಿಸಿ.

ಓದುಗ ಮಿತ್ರರಿಗೆ ಒಂದು ಕೆಲಸ: ಇವತ್ತು ಮನೆಗೆ ಹೋಗಿ ದಿನಕ್ಕೆ ಎಷ್ಟು ಚಮಚ ಸಕ್ಕರೆ ಖರ್ಚಾಗುತ್ತದೆ ಎಂದು ಎಣಿಸಿ. ತಿಂಗಳ ಲೆಕ್ಕ ಮಾಡಿ ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ. ಹೆಸರು ಬೇಡ.

ಮತ್ತೆ, ಸಕ್ಕರೆ ಡಬ್ಬವನ್ನು ಯಾರೂ ಬಚ್ಚಿಡಬೇಡಿ. ನಮ್ಮ ಮನೆಯದು ಈಗ ಒಲೆಯ ಪಕ್ಕದ ಗೂಡಿನಲ್ಲಿದೆ, ನನ್ನ ತಮ್ಮನ ಕೈಗೂ ಎಟುಕುತ್ತದೆ. ಅಜ್ಜಿಯ ಸೆರಗಿನ ಗಂಟಿನಲ್ಲಿಯೂ ಚಿಕ್ಕ ಪೊಟ್ಟಣ ಇದೆ. ಅದು ಟೀಗಲ್ಲ, ಕೈ ನಡುಗಿದರೆ ಬೇಕು ಎಂದು.