ಅರ್ಧ ಇಂಚಿನ ವಾಷರ್

ತಲಘಟ್ಟಪುರ
ಭಾನುವಾರ ರಾತ್ರಿ

ಹಾರ್ಡ್‌ವೇರ್ ಅಂಗಡಿ ಯಜಮಾನನಾದ ಹುಡುಗನಿಗೆ,

ನಿನ್ನೆ ಸಂಜೆ ನಿನ್ನಲ್ಲಿ ನಲ್ಲಿಯ ವಾಷರ್ ತಗೊಂಡೆ. ಅರ್ಧ ಇಂಚಿನದು ಅಂತ ಕೇಳಿದ್ದೆ. ಮನೆಗೆ ಬಂದು ನೋಡಿದರೆ ಮುಕ್ಕಾಲು ಇಂಚಿನದು. ಪುಡಿಗಾಸಿನ ವಸ್ತು, ಅದಕ್ಕೆಲ್ಲ ಕಾಗದ ಬರೆಯುವ ಮುದುಕ ನಾನಲ್ಲ. ಬರೆಯುವಂತೆ ಮಾಡಿದ್ದು ನೀನು ಅದನ್ನು ಕೊಟ್ಟ ರೀತಿ. ಕಿವಿಗೂ ಭುಜಕ್ಕೂ ನಡುವೆ ಒಂದು ಫೋನು. ಕೌಂಟರಿನ ಮೇಲೆ ಇನ್ನೊಂದು, ಅದರಲ್ಲಿ ಯಾರೋ ಪ್ಲಂಬರ್ ಕಳಿಸಿದ ಎಲ್ಬೋ ಫೋಟೋ. ದುಡ್ಡು ಬಂತು ಬಂತು ಅಂತ ಕೂಗುವ ಆ ಸ್ಪೀಕರ್ ಪೆಟ್ಟಿಗೆ. ಬಾಗಿಲಲ್ಲಿ ಸಿಮೆಂಟಿನ ಟೆಂಪೋದವನು, ಮೂಟೆ ಎಲ್ಲಿ ಇಳಿಸಲಿ ಅಂತ. ನೀನು ನನ್ನ ಮುಖ ನೋಡಿ ನಕ್ಕೆ, ಆದರೆ ನೋಟ ನನ್ನ ಮೇಲಿರಲಿಲ್ಲ. ಕೈ ತಾನಾಗಿ ವಾಷರ್ ಡಬ್ಬಿಗೆ ಹೋಯಿತು, ಪಕ್ಕದ ಡಬ್ಬಿಗೆ.

ಹೋದ ತಿಂಗಳು ನೀನೇ ಹೇಳಿದ ಮಾತು ನೆನಪಾಯಿತು. ‘ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ಇಲ್ಲೇ ಇರ್ತೀನಿ ಯಜಮಾನ್ರೇ, ಏನು ಮಾಡಿದೆ ಅಂತ ಕೇಳಿದ್ರೆ ಮಾತ್ರ ಹೇಳಕ್ಕೆ ಬರಲ್ಲ.’ ಆಗ ನಾನು ಹೂಂ ಅಂದು ಸುಮ್ಮನಾದೆ. ಈಗ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಬನಶಂಕರಿ ಎರಡನೇ ಹಂತದಲ್ಲಿ 31 ವರ್ಷ ಪ್ರಾವಿಷನ್ ಸ್ಟೋರ್ ನಡೆಸಿದವನು ನಾನು. ವಾರದ ರಜೆ ಅಂದರೆ ನಮ್ಮಂಥವರಿಗಲ್ಲ ಅಂದುಕೊಂಡಿದ್ದೆ. ಮನೆಯವಳು ಮಧ್ಯಾಹ್ನಕ್ಕೆ ಕ್ಯಾರಿಯರ್ ಕಳಿಸುತ್ತಿದ್ದಳು. ಮೊದಮೊದಲು ಅನ್ನ, ಸಾರು, ಪಲ್ಯ, ಮೊಸರನ್ನ ಇರುತ್ತಿತ್ತು. ಗಿರಾಕಿ ಬಿಟ್ಟು ಏಳುವುದು ಹೇಗೆ ಅಂತ 4 ಗಂಟೆಗೆ ಮುಚ್ಚಳ ತೆಗೆದರೆ ಮೊಸರನ್ನ ಹುಳಿ ಬಂದಿರುತ್ತಿತ್ತು. ಅವಳು ಏನೂ ಹೇಳಲಿಲ್ಲ. ಒಂದು ಬೇಸಿಗೆಯಿಂದ ದಿನವೂ ಪುಳಿಯೋಗರೆ ಬರತೊಡಗಿತು. ಅದೊಂದೇ ಕೆಡುವುದಿಲ್ಲವಲ್ಲ. ಅವಳಿಗೆ ಪುಳಿಯೋಗರೆ ಇಷ್ಟ, ಅದಕ್ಕೇ ಮಾಡುತ್ತಾಳೆ ಅಂತಲೇ ನಾನು ಬಹಳ ವರ್ಷ ತಿಳಿದಿದ್ದೆ. ಅಂಗಡಿಯ ಹದಿನಾರು ಥರದ ಬೇಳೆಯ ದರ ಬಾಯಲ್ಲೇ ಇಟ್ಟುಕೊಂಡಿದ್ದವನಿಗೆ ಇದು ಹೊಳೆಯಲಿಲ್ಲ ನೋಡು.

ಹಾಗಂತ ವ್ಯಾಪಾರವಾದರೂ ನೆಟ್ಟಗಿತ್ತೆ? ಒಂದು ದೀಪಾವಳಿ ಹಿಂದಿನ ದಿನ ಎಣ್ಣೆ ಮಂಡಿಯ ಬಾಕಿ ಕೊಟ್ಟು, ಪುಸ್ತಕದಲ್ಲಿ ಬರೆಯುವುದಕ್ಕೆ ಮರೆತು, ವಾರದ ಮೇಲೆ ಅದೇ ಬಾಕಿ ಮತ್ತೆ ಕೊಟ್ಟೆ. ಆ ಮನುಷ್ಯ ಒಳ್ಳೆಯವನು, ವಾಪಸ್ ತಂದುಕೊಟ್ಟ. ಎಲ್ಲರೂ ಹಾಗಿರುವುದಿಲ್ಲ.

ನಿನ್ನ ಕಾಲ ನನ್ನದಕ್ಕಿಂತ ಕಷ್ಟದ್ದು, ಒಪ್ಪಿದೆ. 2021ರ ಸಂಕ್ರಾಂತಿಗೆ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೊ ಉದ್ಘಾಟನೆಯಾಯಿತು. ಕನಕಪುರ ರಸ್ತೆಯ ಈ ಹಳ್ಳಿಗೂ ಒಂದು ನಿಲ್ದಾಣ ಬಂತು, ಹಿಂದೆಯೇ ಅಪಾರ್ಟ್‌ಮೆಂಟು, ಅವುಗಳ ಹಿಂದೆ ನಿನ್ನ ಅಂಗಡಿ. ಅದೇ ಜನವರಿಯಲ್ಲಿ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿರುವ ಅಂಗಡಿಗಳು ಹಗಲೂ ರಾತ್ರಿ ತೆರೆದಿರಬಹುದು ಅಂತ ಸರ್ಕಾರ ಅಧಿಸೂಚನೆ ಹೊರಡಿಸಿತು. ನಿನ್ನಲ್ಲಿರುವುದು ಇಬ್ಬರು ಹುಡುಗರು. ಆ ಅಪ್ಪಣೆ ನಿನಗಲ್ಲವೇ ಅಲ್ಲ, ಆದರೂ ಪಾಲಿಸುತ್ತಿರುವವನು ನೀನೇ! ಅದೇ ತಿಂಗಳು ಮೂರನೆಯದೂ ಒಂದು ಬಂತು. 5 ಕೋಟಿವರೆಗಿನ ವಹಿವಾಟಿನವರು ಜಿಎಸ್‌ಟಿ ರಿಟರ್ನ್ ಮೂರು ತಿಂಗಳಿಗೊಮ್ಮೆ ಹಾಕಬಹುದು ಅನ್ನುವ ಅನುಕೂಲ. ತೆರಿಗೆ ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು. ನಿನಗೆ ಅದು ಹೊಂದುತ್ತದೆಯೋ ಅಂತ ಲೆಕ್ಕಪತ್ರ ನೋಡುವವರನ್ನು ಒಮ್ಮೆಯಾದರೂ ಕೇಳಿದ್ದೀಯಾ? 20ನೇ ತಾರೀಕು ಬಂತೆಂದರೆ ಅರ್ಧರಾತ್ರಿ ಬಿಲ್ಲು ಹರಡಿಕೊಂಡು ಕೂರುವುದು ನಿನ್ನ ಮನೆ ಕಿಟಕಿಯ ದೀಪದಿಂದಲೇ ನನಗೆ ಗೊತ್ತಾಗುತ್ತದೆ.

ಇನ್ನೊಂದು ತಮಾಷೆ ಹೇಳುತ್ತೇನೆ. 1961ರ ನಮ್ಮ ಅಂಗಡಿ ಕಾಯ್ದೆಯಲ್ಲಿ ಕೆಲಸಗಾರನಿಗೆ ವಾರಕ್ಕೊಂದು ಪೂರ್ತಿ ದಿನ ರಜೆ ಉಂಟು. ಯಜಮಾನನಿಗಿಲ್ಲ, ಅವನ ಮನೆಯವರೂ ಆ ಲೆಕ್ಕಕ್ಕೆ ಬರುವುದಿಲ್ಲ. ಕಾಯ್ದೆ ಬರೆದವರು ಯಜಮಾನ ತನ್ನನ್ನು ತಾನು ನೋಡಿಕೊಳ್ಳುತ್ತಾನೆ ಅಂದುಕೊಂಡಿರಬೇಕು. ಎಷ್ಟು ನಂಬಿಕೆ! ನಮ್ಮೂರ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ದಿನ ಅಂತ. ಎತ್ತಿಗೂ ಒಂದು ವಾರವಿದೆ ಕಣಪ್ಪಾ.

ಬಾಗಿಲು ಹಾಕಿದರೆ ಗಿರಾಕಿ ಕೈಬಿಡುತ್ತಾನೆ ಅನ್ನುತ್ತೀಯ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಶುಕ್ರವಾರ ರಜೆ. ಮಿಕ್ಕ ದಿನವೂ ಮಧ್ಯಾಹ್ನ ಬಾಗಿಲು ಹಾಕಿ ಮತ್ತೆ ತೆಗೆಯುತ್ತಾರೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಭಾನುವಾರ ಇಲ್ಲ. ದೋಸೆ ಇಡ್ಲಿಯವರಿಗೆ ರಜೆಯ ದಿನವೇ ಸುಗ್ಗಿ, ಆದರೂ ಇಲ್ಲ. ಅವರಿಗೆ ಹೆಸರಿದೆ, ನನಗೇನಿದೆ ಅಂತ ನೀನು ಕೇಳುವುದೂ ಗೊತ್ತು. ಸರಿ, ಕ್ಷೌರದಂಗಡಿ ನೋಡು. ಮಂಗಳವಾರ ಇರುವುದಿಲ್ಲ ಅಂತ ಊರಿಗೆಲ್ಲ ಗೊತ್ತಿತ್ತು. ಯಾರೂ ಬೈದುಕೊಳ್ಳುತ್ತಿರಲಿಲ್ಲ, ಬುಧವಾರ ಹೋಗುತ್ತಿದ್ದರು. ಗಿರಾಕಿಗೆ ಸಿಟ್ಟು ಬರುವುದು ಒಂದು ದಿನ ತೆರೆದು ಒಂದು ದಿನ ಮುಚ್ಚಿದರೆ. ಗೊತ್ತಾದ ರಜೆಗೆ ಯಾರೂ ಮುನಿಯುವುದಿಲ್ಲ.

ರೇಷ್ಮೆ ಸಂಸ್ಥೆ ಅಂದೆನಲ್ಲ, ನಮ್ಮದೂ ಹುಳು ಮೇಯಿಸಿದ ಮನೆ. ಹಾರೋಹಳ್ಳಿ ಆಚೆ. ಹುಳು ಹಣ್ಣಾಗುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರ ಅನ್ನುತ್ತಿದ್ದೆವು. ಎರಡನೇ ಜ್ವರ, ಮೂರನೇ ಜ್ವರ ಅಂತ. ಮಗ್ಗುಲ ಮನೆಯವರು ಕೇಳುತ್ತಿದ್ದುದೇ ‘ನಿಮ್ಮ ಹುಳ ಎಷ್ಟನೇ ಜ್ವರ?’ ಅಂತ. ಜ್ವರಕ್ಕೆ ಬಿದ್ದ ಹುಳು ತಲೆ ಮೇಲೆತ್ತಿ ಕಲ್ಲಿನ ಹಾಗೆ ನಿಲ್ಲುತ್ತದೆ, ಹೆಚ್ಚುಕಮ್ಮಿ ಒಂದು ದಿನ. ಅಲ್ಲಿಯವರೆಗೆ ಮಳೆ ಸುರಿದಂತೆ ಕೇಳುತ್ತಿದ್ದ ಸೊಪ್ಪು ತಿನ್ನುವ ಸದ್ದು ನಿಂತು, ಹುಳು ಮನೆ ಗಪ್ ಅನ್ನುತ್ತದೆ. ನಾನು ಎಂಟು ವರ್ಷದವನಿದ್ದಾಗ ಪಾಪ ಹಸಿದಿವೆ ಅಂತ ಒಂದು ಮಂಕರಿ ಸೊಪ್ಪು ಹಾಕಿಬಿಟ್ಟೆ. ಅಪ್ಪ ಬೆನ್ನಿಗೊಂದು ಬಿಟ್ಟರು. ಜ್ವರದಲ್ಲಿ ಸೊಪ್ಪು ಹಾಕಿದರೆ ಮೊದಲು ಎದ್ದವು ತಿಂದು ಮುಂದೆ ಹೋಗುತ್ತವೆ, ಮಲಗಿದವು ಹಿಂದೆ ಉಳಿಯುತ್ತವೆ, ಇಡೀ ತಟ್ಟೆ ಮೇಲೆ ಕೆಳಗೆ ಆಗುತ್ತದೆ. ಸೊಪ್ಪಿನ ಬದಲು ಸುಣ್ಣದ ಪುಡಿ ಉದುರಿಸಿ, ಬಹುಪಾಲು ಹುಳು ಏಳುವವರೆಗೆ ಕೈ ಕಟ್ಟಿ ಕೂರಬೇಕು. ಹುಳುವಿನ ನಿಜವಾದ ಹಸಿವು ಇನ್ನೂ ಮುಂದಿದೆ. ಒಟ್ಟು ಸೊಪ್ಪಿನ ಮುಕ್ಕಾಲಿಗಿಂತ ಹೆಚ್ಚನ್ನು ಅದು ತಿನ್ನುವುದು ನಾಲ್ಕನೇ ಜ್ವರ ಎದ್ದ ಮೇಲೆ.

ನಿನಗೆ ಬೇಕಾಗಿರುವುದೂ ಅಂಥ ಒಂದು ಗಪ್ ಅನ್ನುವ ಹೊತ್ತು. ನಿನ್ನ ಬಿಲ್ ಪುಸ್ತಕ ತೆಗೆದು ಒಂದು ತಿಂಗಳ ಬಿಲ್ಲು ಗಂಟೆವಾರು ಗುರುತು ಹಾಕು. ನಾನು ಎದುರಿನ ಕಟ್ಟೆಯ ಮೇಲೆ ಕೂತು ಕಂಡಂತೆ, ಮೇಸ್ತ್ರಿಗಳು, ಪ್ಲಂಬರುಗಳು, ಪೇಂಟಿನವರು ಬರುವುದು ಸೈಟಿಗೆ ಹೋಗುವ ಮುಂಚೆ, 8ರಿಂದ 11. ಫ್ಲಾಟಿನವರು ಸಂಜೆ. ನಡುವೆ 1ರಿಂದ 4ರವರೆಗೆ ನೀನು ಮಾಡುವುದು ಫೋನಿಗೆ ಉತ್ತರ, ಅದರಲ್ಲೂ ಬಹಳಷ್ಟು ‘ಸ್ಟಾಕ್ ಇದೆಯಾ’ ಅಷ್ಟೆ. ಆ ಹೊತ್ತಿಗೆ ಶಟರ್ ಎಳೆ. ಮನೆಗೆ ಹೋಗಿ ಬಿಸಿ ಅನ್ನ ಉಣ್ಣು. ವಾಪಸ್ ಬಂದು ಶಟರ್ ಒಳಗಿಂದಲೇ ಎಳೆದುಕೊಂಡು, ಎರಡೂ ಫೋನು ಡ್ರಾಯರಿಗೆ ಹಾಕಿ, ಒಂದು ಗಂಟೆ ಲೆಕ್ಕ ಬರೆ. ಉದ್ರಿ ಯಾರದು ಎಷ್ಟು, ಯಾವ ಬಣ್ಣದ ಡಬ್ಬ ಎರಡು ವರ್ಷದಿಂದ ಧೂಳು ತಿನ್ನುತ್ತಿದೆ, ಎಲ್ಲ ಅಲ್ಲೇ ತಿಳಿಯುತ್ತದೆ. ಅರ್ಧರಾತ್ರಿಗೆ ಉಳಿಯುವುದಿಲ್ಲ.

ವಾರಕ್ಕೊಂದು ದಿನ ಪೂರ್ತಿ ಮುಚ್ಚುವ ಧೈರ್ಯ ಈಗಲೇ ಬಾರದಿದ್ದರೆ ಬುಧವಾರ ಮಧ್ಯಾಹ್ನದಿಂದ ಶುರು ಮಾಡು. ಕೆಲವರು ಪಕ್ಕದಂಗಡಿಗೆ ಹೋಗಿಯೇ ಹೋಗುತ್ತಾರೆ, ಸುಳ್ಳು ಹೇಳುವುದಿಲ್ಲ. ಮೂರು ತಿಂಗಳು ನೋಡು. ನಷ್ಟ ತಡೆಯಲಾರದಷ್ಟಾದರೆ ಬೋರ್ಡು ಕಿತ್ತುಹಾಕು, ನಾನೇನೂ ಅಂದುಕೊಳ್ಳುವುದಿಲ್ಲ. ಬೋರ್ಡು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಸು, ಕನ್ನಡದಲ್ಲಿ. ‘ಬುಧವಾರ ಮಧ್ಯಾಹ್ನ ರಜೆ’ ಅಂತ. ಕಾರಣ ಬರೆಯಬೇಡ. ಕಾರಣ ಬರೆದರೆ ಜನ ಚರ್ಚೆ ಮಾಡುತ್ತಾರೆ.

ನಿನ್ನ ಹೆಂಡತಿಯನ್ನೂ ಕೇಳು, ಯಾವ ದಿನ ಅಂತ. ಅವಳು ಬುಧವಾರ ಬೇಡ ಅಂದರೆ ನನ್ನ ಮಾತು ಬಿಡು.

ಆ ಮುಕ್ಕಾಲು ಇಂಚಿನದನ್ನು ಇದರ ಜೊತೆಗೇ ಕಳಿಸಿದ್ದೇನೆ. ಬದಲು ವಾಷರ್ ತಗೊಳ್ಳಲು ಬುಧವಾರ 2 ಗಂಟೆಗೆ ಬರುತ್ತೇನೆ. ಶಟರ್ ಹಾಕಿದ್ದರೆ ಗುರುವಾರ ಬೆಳಿಗ್ಗೆ ಬಂದರಾಯಿತು. ನಲ್ಲಿ ಕೆಳಗೆ ಬಕೆಟ್ ಇಟ್ಟಿದ್ದೇನೆ, ತೊಟ್ಟಿಕ್ಕಿದ ನೀರು ಕರಿಬೇವಿನ ಗಿಡಕ್ಕೆ ಹೋಗುತ್ತಿದೆ.

ನಿನ್ನ ಎದುರುಮನೆ ಯಜಮಾನ