ಮಲೆನಾಡಿನ ಮಳೆಗಾಲ ಮತ್ತು ಕಿಶೋರಿಯರ ಮುಟ್ಟಿನ ಆರೋಗ್ಯ

ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳಲ್ಲಿಯೂ ಆಲೂರಿನ ಗುಡ್ಡಗಾಡು ಗ್ರಾಮಗಳಲ್ಲಿಯೂ ಮಳೆಗಾಲದಲ್ಲಿ ಬಿಸಿಲು ಅಪರೂಪ. ಮುಟ್ಟಿನ ಬಟ್ಟೆಯನ್ನು ಸೋಪಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕೆಂಬುದು ಆರೋಗ್ಯ ಶಿಕ್ಷಣದ ಮೊದಲ ಪಾಠ. ಆದರೆ ಮಳೆ ಹಿಡಿದಾಗ ತೋಟದ ಲೈನ್ ಮನೆಯ ಬಾಲಕಿಯು ಅದನ್ನು ಯಾರ ಕಣ್ಣಿಗೂ ಬೀಳದಂತೆ ಬೇರೆ ಬಟ್ಟೆಗಳ ಅಡಿಯಲ್ಲಿ ಹರಡಬೇಕಾಗುತ್ತದೆ. ಒದ್ದೆ ಬಟ್ಟೆಯಿಂದ ತುರಿಕೆ, ಹುಣ್ಣು, ಸೋಂಕು ಉಂಟಾಗಬಹುದು. ಇಲ್ಲಿ ದೋಷ ಬಟ್ಟೆಯದಲ್ಲ. ಒದ್ದೆತನದ್ದು ಮತ್ತು ಸಂಕೋಚದ್ದು.

ಮುಟ್ಟು ರೋಗವಲ್ಲ, ಮೈಲಿಗೆಯೂ ಅಲ್ಲ. ಗರ್ಭಕೋಶದ ಒಳಪದರ ಕಳಚಿ ಹೊರಬರುವ ಸಹಜ ಕ್ರಿಯೆ. ಅದು ಸಾಮಾನ್ಯವಾಗಿ 2ರಿಂದ 7 ದಿನ ಇರುತ್ತದೆ. ಆರಂಭದ ವರ್ಷಗಳಲ್ಲಿ ಚಕ್ರವು 21ರಿಂದ 45 ದಿನಗಳ ನಡುವೆ ಏರುಪೇರಾಗುವುದುಂಟು. ಸ್ರಾವ 7 ದಿನ ಮೀರಿದರೆ, ಅತಿಯಾದರೆ ಅಥವಾ 15 ವರ್ಷವಾದರೂ ಮುಟ್ಟು ಆರಂಭವಾಗದಿದ್ದರೆ ವೈದ್ಯರನ್ನು ಕಾಣಬೇಕು.

ಪ್ಯಾಡ್ ಅಥವಾ ಬಟ್ಟೆಯನ್ನು 4ರಿಂದ 6 ಗಂಟೆಗೊಮ್ಮೆ ಬದಲಾಯಿಸಬೇಕು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮರಳುವ ವಿದ್ಯಾರ್ಥಿನಿಯು ಶಾಲೆಯಲ್ಲಿ ಒಮ್ಮೆಯಾದರೂ ಬದಲಾಯಿಸಲೇಬೇಕು. ಶೌಚಾಲಯಕ್ಕೆ ಚಿಲಕವಾಗಲಿ ನಲ್ಲಿಯಲ್ಲಿ ನೀರಾಗಲಿ ಇಲ್ಲದಿದ್ದರೆ ಆಕೆ ಮನೆಯಲ್ಲಿಯೇ ಉಳಿಯುತ್ತಾಳೆ. ತಿಂಗಳಿಗೆ 3 ದಿನ ತಪ್ಪಿದರೂ 10 ತಿಂಗಳಿಗೆ 30 ದಿನಗಳ ಪಾಠ ನಷ್ಟ.

ರಾಜ್ಯದಲ್ಲಿ 2013-14ರಲ್ಲಿ ಆರಂಭವಾದ ಶುಚಿ ಯೋಜನೆಯು ಕಿಶೋರಿಯರಿಗೆ ಉಚಿತ ಪ್ಯಾಡ್ ಒದಗಿಸಲು ರೂಪಿತವಾಯಿತು. ಆದರೆ ಪ್ಯಾಡಿನೊಡನೆ ವಿಲೇವಾರಿಯ ಹೊಣೆಯೂ ಬರುತ್ತದೆ. ಪ್ಲಾಸ್ಟಿಕ್ ಪದರವಿರುವ ಪ್ಯಾಡ್ ಮಣ್ಣಿನಲ್ಲಿ ಬೇಗ ಕರಗದು. ಹಳ್ಳಕ್ಕೆ ಎಸೆದರೆ ಮಳೆನೀರಿನೊಡನೆ ಹೇಮಾವತಿಯತ್ತ ಸಾಗುತ್ತದೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು:

1. ಮಳೆಗಾಲಕ್ಕೆ ಮುನ್ನ ಪ್ರತಿ ಶಾಲೆಯ ಬಾಲಕಿಯರ ಶೌಚಾಲಯದ ಬಾಗಿಲು, ಚಿಲಕ, ನೀರು, ಸೋಪು ಹಾಗೂ ಮುಚ್ಚಳವಿರುವ ಬುಟ್ಟಿಯನ್ನು ಖುದ್ದಾಗಿ ಪರಿಶೀಲಿಸುವುದು.

2. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ನೀಡುವಂತೆ ತಿಳಿಸಿ, ಕಸದ ವಾಹನವು ಲೈನ್ ಮನೆಗಳಿಗೂ ತಲುಪುವಂತೆ ನೋಡಿಕೊಳ್ಳುವುದು.

3. ಬಟ್ಟೆ ಬಳಸುವವರಿಗೆ, ಬಿಸಿಲಿಲ್ಲದ ದಿನಗಳಲ್ಲಿ ಗಾಳಿಯಾಡುವ ಸೂರಿನಡಿ ಒಣಗಿಸಿ ಇಸ್ತ್ರಿ ಮಾಡಿ ಬಳಸುವಂತೆ ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸುವುದು.

4. ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯು ಶಾಲೆ ಬಿಟ್ಟ ಬಾಲಕಿಯರಿಗೂ ಅಂಗನವಾಡಿಯಲ್ಲಿ ದೊರೆಯುತ್ತಿದೆಯೇ ಎಂದು ವಿಚಾರಿಸುವುದು.

ಮಕ್ಕಳ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎಲ್ಲರೆದುರು ಕೇಳಿದರೆ ಉತ್ತರ ಬರಲಾರದು. ಹೆಸರಿಲ್ಲದ ಚೀಟಿಯಲ್ಲಿ ಬರೆದುಕೊಡಲು ಅವಕಾಶವಿರಲಿ. ಮಹಿಳಾ ಸದಸ್ಯರು ಬಾಲಕಿಯರೊಡನೆ ಪ್ರತ್ಯೇಕವಾಗಿ ಕುಳಿತು ಮಾತನಾಡಲಿ. ಹಾಗೆ ತಿಳಿದುಬಂದ ಒಂದು ಮುರಿದ ಚಿಲಕವನ್ನು ಮುಂದಿನ ಸಭೆಯೊಳಗೆ ಸರಿಪಡಿಸಿದರೆ, ಎರಡನೆಯ ಚೀಟಿ ತಾನಾಗಿಯೇ ಬರುತ್ತದೆ.